ಒಂದು ಧಾತು, ಆರು ಜಾಗ, ನಾಲ್ಕು ಪ್ರತ್ಯಯ: ಜರ್ಮನ್ ಕ್ರಿಯಾಪದದ ಮೊದಲ ಪಾಠ



ಈ ಸಾಲಿನ ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರದ ಪುಟಗಳ ಜೊತೆಗೆ ಒಂದು ಪಾಠವನ್ನೂ ಸೇರಿಸಿದ್ದೇವೆ. ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಜರ್ಮನ್ ಭಾಷೆ ಕಲಿಯಲು ನೆರವು ಕೇಳಿ ಬರುವ ಅರ್ಜಿಗಳನ್ನು ನೋಡಿ ಹಲವು ದಾನಿಗಳು ನಮ್ಮನ್ನು ಕೇಳಿದ್ದಾರೆ: ಇಂಜಿನಿಯರಿಂಗ್ ಫೀಸಿಗೆ, ನರ್ಸಿಂಗ್ ಫೀಸಿಗೆ ಕೊಡುವುದು ಸರಿ, ಭಾಷೆ ಕಲಿಯಲು ಯಾಕೆ ಕೊಡಬೇಕು? ಪಾಲಕರ ಪ್ರಶ್ನೆ ಬೇರೆ: ಮಗಳು ದಿನಾ ಕ್ಲಾಸಿಗೆ ಹೋಗುತ್ತಾಳೆ, ಏನು ಕಲಿಯುತ್ತಿದ್ದಾಳೆ ಎಂದು ನಮಗೆ ಗೊತ್ತಾಗುವುದು ಹೇಗೆ? ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರವಾಗಿ ಜರ್ಮನ್ ಭಾಷೆಯ ಮೊದಲ ಮೆಟ್ಟಿಲನ್ನು ಇಲ್ಲಿ ವಿವರಿಸಿದ್ದೇವೆ. ಆ ಮೆಟ್ಟಿಲು ಕ್ರಿಯಾಪದ. ಕನ್ನಡ ಓದಲು ಬರುವ ಯಾವ ತಾಯಿಯೂ ಇದನ್ನು ಒಮ್ಮೆ ಓದಿ, ಮನೆಯಲ್ಲಿ ಮಗುವಿನ ಪಾಠ ಕೇಳಿಸಿಕೊಳ್ಳಬಹುದು.

ಭಾಷೆ ಯಾಕೆ ಬೇಕು

ಯುರೋಪಿನಲ್ಲಿ ಭಾಷಾ ಜ್ಞಾನವನ್ನು ಆರು ಮಟ್ಟಗಳಲ್ಲಿ ಅಳೆಯುತ್ತಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಇಲ್ಲಿ ನರ್ಸಿಂಗ್ ಮುಗಿಸಿದವರು ಜರ್ಮನಿಯಲ್ಲಿ ಪೂರ್ಣ ಮಾನ್ಯತೆಯ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಅಲ್ಲಿಗೆ ಹೋಗಿ ವೃತ್ತಿ ತರಬೇತಿ ಪಡೆಯುವವರಿಗೆ ಸಾಮಾನ್ಯವಾಗಿ ಬಿ1 ಅಥವಾ ಬಿ2 ಕೇಳುತ್ತಾರೆ. ನಿಕಾಹ್ ಆಗಿ ಅಲ್ಲಿ ದುಡಿಯುವ ಗಂಡನ ಬಳಿಗೆ ಹೋಗುವ ಹೆಣ್ಣುಮಕ್ಕಳು ಕೂಡ ಹಲವು ಸಂದರ್ಭಗಳಲ್ಲಿ ವೀಸಾಗೆ ಎ1 ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಅಂದರೆ ಪದವಿ ಕೈಯಲ್ಲಿದ್ದರೂ ಭಾಷೆ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ.

ಬಾಗಿಲು ತೆರೆಯುವುದಿಲ್ಲ ಎಂದು ಗೊತ್ತಾಗುವುದು ಎಷ್ಟೋ ಮನೆಗಳಲ್ಲಿ ಚಿನ್ನ ಅಡವಿಟ್ಟು, ಏಜೆಂಟರ ಕೈಗೆ ಮುಂಗಡ ಕೊಟ್ಟ ಮೇಲೆ. ಆ ಹಣ ಹಿಂದಿರುಗುವುದು ಕಷ್ಟ. ಆದ್ದರಿಂದ ನಮ್ಮ ಮಾತು ಸರಳ: ಮೊದಲು ಭಾಷೆ, ಆಮೇಲೆ ಉಳಿದದ್ದು. ಮಗುವಿಗೆ ಈ ಭಾಷೆ ಒಗ್ಗುತ್ತದೆಯೇ, ಅದಕ್ಕೆ ಬೇಕಾದ ತಾಳ್ಮೆ ಇದೆಯೇ ಎಂಬುದು ಮೊದಲ ಕೆಲವು ವಾರಗಳಲ್ಲೇ ತಿಳಿಯುತ್ತದೆ. ಆ ವಾರಗಳಲ್ಲಿ ಕಲಿಯುವುದು ಮುಖ್ಯವಾಗಿ ಈ ಪಾಠವನ್ನೇ.

ಒಂದು ಸೂಚನೆ. ಜರ್ಮನ್ ಭಾಷೆಯನ್ನು ಬರೆಯುವುದು ಇಂಗ್ಲಿಷಿನ ಅಕ್ಷರಗಳಲ್ಲೇ. ನಾಲ್ಕು ಅಕ್ಷರ ಮಾತ್ರ ಹೆಚ್ಚು. ಇಲ್ಲಿ ನಾವು ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇವೆ. ಇದು ಹತ್ತಿರದ ಉಚ್ಚಾರಣೆ. ಸರಿಯಾದ ಧ್ವನಿಯನ್ನು ಶಿಕ್ಷಕರ ಬಾಯಿಂದಲೇ ಕಲಿಯಬೇಕು.

ನಮಗೆ ಗೊತ್ತಿರುವ ವ್ಯಾಕರಣವೇ

ಪ್ರೌಢಶಾಲೆಯ ಕನ್ನಡ ಪಾಠದಲ್ಲಿ ಧಾತು, ಆಖ್ಯಾತ ಪ್ರತ್ಯಯ, ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಎಂದು ಓದಿದ್ದು ನೆನಪಿದೆಯೇ? 'ಕಲಿ' ಎಂಬುದು ಧಾತು. ಅದಕ್ಕೆ ಬಾಲ ಸೇರಿಸಿ ನಾನು ಕಲಿಯುತ್ತೇನೆ, ನೀನು ಕಲಿಯುತ್ತೀಯೆ, ಅವನು ಕಲಿಯುತ್ತಾನೆ, ಅವಳು ಕಲಿಯುತ್ತಾಳೆ ಎನ್ನುತ್ತೇವೆ. ಕೆಲಸ ಮಾಡುವವರು ಯಾರು ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ಜರ್ಮನ್ ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಈ ಬಾಲ ಬಹುಮಟ್ಟಿಗೆ ಉದುರಿಹೋಗಿದೆ. ಅವನು, ಅವಳು, ಅದು ಎಂಬಲ್ಲಿ ಒಂದು 'ಸ್' ಮಾತ್ರ ಉಳಿದಿದೆ. ಹಾಗಾಗಿ ಜರ್ಮನ್ ಕ್ರಿಯಾಪದವನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೊರಟ ಮಗು ತಡವರಿಸುತ್ತದೆ. ಕನ್ನಡದ ಮೂಲಕ ನೋಡಿದರೆ ಅದು ಪರಿಚಿತ ದಾರಿ.

ಬಾಲಗಳನ್ನು ಎಣಿಸಿ ನೋಡಿ. ಕನ್ನಡದಲ್ಲಿ ಕಲಿಯುತ್ತೇನೆ, ಕಲಿಯುತ್ತೀಯೆ, ಕಲಿಯುತ್ತಾನೆ, ಕಲಿಯುತ್ತಾಳೆ, ಕಲಿಯುತ್ತದೆ, ಕಲಿಯುತ್ತೇವೆ, ಕಲಿಯುತ್ತೀರಿ, ಕಲಿಯುತ್ತಾರೆ, ಕಲಿಯುತ್ತವೆ ಎಂದು ಒಂಬತ್ತು. ಜರ್ಮನ್‌ನಲ್ಲಿ ಬೇಕಾಗುವುದು ನಾಲ್ಕೇ ನಾಲ್ಕು. ಮದರಸದಲ್ಲಿ ಅರಬಿಯ ಸರ್ಫ್ ಓದಿದ ಮಕ್ಕಳಿಗೆ ಇದು ಇನ್ನೂ ಹಗುರ. ಕತಬ, ಕತಬತ್, ಕತಬ್ತು ಎಂದು ಒಂದೇ ಧಾತುವಿನ ಹದಿನಾಲ್ಕು ಸೀಗಾಗಳನ್ನು ಗರ್ದಾನ್ ಹೇಳಿದ ನಾಲಿಗೆಗೆ ಜರ್ಮನ್‌ನ ಆರು ಜಾಗಗಳು ಹೆಚ್ಚಲ್ಲ. ಮನೆಯಲ್ಲಿ ಉರ್ದು ಮಾತನಾಡುವವರಿಗೂ ಒಂದು ಸಮಾಧಾನವಿದೆ: ಉರ್ದುವಿನಲ್ಲಿ ಹುಡುಗ 'ಸೀಖತಾ ಹೂಂ' ಎಂದರೆ ಹುಡುಗಿ 'ಸೀಖತೀ ಹೂಂ' ಎನ್ನಬೇಕು. ಜರ್ಮನ್ ಕ್ರಿಯಾಪದಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ಮೊದಲ ಹೆಜ್ಜೆ: ಧಾತುವನ್ನು ಬೇರೆ ಮಾಡುವುದು

ನಿಘಂಟಿನಲ್ಲಿ ಜರ್ಮನ್ ಕ್ರಿಯಾಪದ 'ಎನ್' ಎಂಬ ಕೊನೆಯೊಡನೆ ಇರುತ್ತದೆ. ಲೆರ್ನೆನ್ ಎಂದರೆ ಕಲಿಯುವುದು. ವೋನೆನ್ ಎಂದರೆ ವಾಸಿಸುವುದು. ಫ್ರಾಗೆನ್ ಎಂದರೆ ಪ್ರಶ್ನೆ ಕೇಳುವುದು. ಕೊನೆಯ 'ಎನ್' ತೆಗೆದರೆ ಉಳಿಯುವುದು ಧಾತು: ಲೆರ್ನ್, ವೋನ್, ಫ್ರಾಗ್. ಕನ್ನಡದ 'ಕಲಿಯುವುದು' ಎಂಬುದರಿಂದ 'ಕಲಿ'ಯನ್ನು ಬೇರೆ ಮಾಡಿದ ಹಾಗೆ.

ಎರಡನೆಯ ಹೆಜ್ಜೆ: ಬಾಲ ಸೇರಿಸುವುದು

ಈಗ ಧಾತುವಿಗೆ ಪ್ರತ್ಯಯ ಸೇರಿಸೋಣ.

ನಾನು ಕಲಿಯುತ್ತೇನೆ – ಇಶ್ ಲೆರ್ನೆ
ನೀನು ಕಲಿಯುತ್ತೀಯೆ – ಡೂ ಲೆರ್ನ್ಸ್ಟ್
ಅವನು ಕಲಿಯುತ್ತಾನೆ – ಏರ್ ಲೆರ್ನ್ಟ್
ಅವಳು ಕಲಿಯುತ್ತಾಳೆ – ಝೀ ಲೆರ್ನ್ಟ್
ಅದು ಕಲಿಯುತ್ತದೆ – ಎಸ್ ಲೆರ್ನ್ಟ್
ನಾವು ಕಲಿಯುತ್ತೇವೆ – ವೀರ್ ಲೆರ್ನೆನ್
ನೀವು (ಸಲಿಗೆಯ ಹಲವರು) ಕಲಿಯುತ್ತೀರಿ – ಈರ್ ಲೆರ್ನ್ಟ್
ಅವರು ಕಲಿಯುತ್ತಾರೆ – ಝೀ ಲೆರ್ನೆನ್
ತಾವು (ಗೌರವದಿಂದ) ಕಲಿಯುತ್ತೀರಿ – ಝೀ ಲೆರ್ನೆನ್

ಬಾಲಗಳನ್ನು ಮಾತ್ರ ಸಾಲಾಗಿ ಹೇಳಿದರೆ: ಎ, ಸ್ಟ್, ಟ್, ಎನ್, ಟ್, ಎನ್. ಆರು ಜಾಗ, ಆದರೆ 'ಟ್' ಎರಡು ಕಡೆ, 'ಎನ್' ಎರಡು ಕಡೆ ಬರುವುದರಿಂದ ನಿಜವಾಗಿ ನೆನಪಿಡಬೇಕಾದ್ದು ನಾಲ್ಕು. ಇದು ಬಾಯಿಗೆ ಬಂದರೆ ನಿಯಮಿತ ಕ್ರಿಯಾಪದಗಳೆಲ್ಲ ಕೈಗೆ ಬಂದಂತೆ. ವೋನೆನ್ ಹಿಡಿದು ನೋಡಿ: ಇಶ್ ವೋನೆ, ಡೂ ವೋನ್ಸ್ಟ್, ಏರ್ ವೋನ್ಟ್, ವೀರ್ ವೋನೆನ್, ಈರ್ ವೋನ್ಟ್, ಝೀ ವೋನೆನ್. ಫ್ರಾಗೆನ್: ಇಶ್ ಫ್ರಾಗೆ, ಡೂ ಫ್ರಾಗ್ಸ್ಟ್, ಏರ್ ಫ್ರಾಗ್ಟ್, ವೀರ್ ಫ್ರಾಗೆನ್, ಈರ್ ಫ್ರಾಗ್ಟ್, ಝೀ ಫ್ರಾಗೆನ್.

ಪಟ್ಟಿಯಲ್ಲಿ 'ಎಸ್' ಎಂಬುದು ಕನ್ನಡದ 'ಅದು'. ಜರ್ಮನ್‌ನಲ್ಲಿ ಮಗುವಿಗೆ ಕಿಂಟ್ ಎನ್ನುತ್ತಾರೆ. ಅದು ನಪುಂಸಕ ಲಿಂಗ. ನಾವು ಕೂಡ 'ಮಗು ಕಲಿಯುತ್ತದೆ' ಎಂದೇ ಹೇಳುತ್ತೇವಲ್ಲ. ಇಂಥ ಹೋಲಿಕೆ ಕಂಡಾಗ ಮಕ್ಕಳಿಗೆ ತೋರಿಸಿ. ಪರಭಾಷೆಯ ಭಯ ಸ್ವಲ್ಪ ಕಡಿಮೆಯಾಗುತ್ತದೆ.

ಮೂರು 'ಝೀ'ಗಳು

ಹೊಸಬರಿಗೆ ಗೊಂದಲ ತರುವುದು 'ಝೀ' ಎಂಬ ಶಬ್ದ. ಅವಳು, ಅವರು, ತಾವು – ಮೂರಕ್ಕೂ ಅದೇ ಉಚ್ಚಾರಣೆ. ಬಿಡಿಸುವ ಕೀಲಿ ಕ್ರಿಯಾಪದದ ಬಾಲದಲ್ಲಿದೆ. ಝೀ ಲೆರ್ನ್ಟ್ ಎಂದರೆ ಅವಳು. ಝೀ ಲೆರ್ನೆನ್ ಎಂದರೆ ಅವರು ಅಥವಾ ತಾವು. ಬರವಣಿಗೆಯಲ್ಲಿ 'ತಾವು' ಎಂಬ ಅರ್ಥದ ಝೀಗೆ ಮೊದಲ ಅಕ್ಷರ ಯಾವಾಗಲೂ ದೊಡ್ಡದು. ಬಾಲವನ್ನು ನುಂಗಿ ಮಾತನಾಡಿದರೆ ಕೇಳುವವರಿಗೆ ಯಾರ ಬಗ್ಗೆ ಮಾತು ಎಂದೇ ತಿಳಿಯುವುದಿಲ್ಲ. ಆದ್ದರಿಂದಲೇ ಶಿಕ್ಷಕರು ಬಾಲವನ್ನು ಸ್ಪಷ್ಟವಾಗಿ ಹೇಳಲು ಒತ್ತಾಯಿಸುತ್ತಾರೆ.

ನೀನು–ತಾವು ಭೇದ ನಮಗೆ ಹೊಸದಲ್ಲ. ಗೆಳೆಯರು, ಮನೆಯವರು, ಮಕ್ಕಳಿಗೆ 'ಡೂ'. ಅಪರಿಚಿತರು, ಅಧಿಕಾರಿಗಳು, ಆಸ್ಪತ್ರೆಯಲ್ಲಿ ವಯಸ್ಕ ರೋಗಿಗಳು ಎಲ್ಲರಿಗೂ 'ಝೀ'. ನಮ್ಮಲ್ಲಿ ಹಿರಿಯರನ್ನು ಏಕವಚನದಲ್ಲಿ ಕರೆದರೆ ಹೇಗೆ ಕೇಳುತ್ತದೋ ಅಲ್ಲಿ ಅಪರಿಚಿತ ರೋಗಿಗೆ 'ಡೂ' ಎಂದರೆ ಹಾಗೆಯೇ ಕೇಳುತ್ತದೆ. ಗೌರವವನ್ನು ಬಹುವಚನದ ರೂಪದಲ್ಲಿ ತೋರಿಸುವುದು ಎರಡೂ ಭಾಷೆಗಳ ಪದ್ಧತಿ. ಎದುರಿಗಿರುವವರು ಒಬ್ಬರೇ ಆದರೂ ಕ್ರಿಯಾಪದ 'ಅವರು' ಎಂಬುದರ ಬಾಲವನ್ನೇ ಹೊತ್ತಿರುತ್ತದೆ.

ಸ್ವಲ್ಪ ಬದಲಾಗುವ ಕ್ರಿಯಾಪದಗಳು

ನಿಯಮಿತ ಕ್ರಿಯಾಪದಗಳಲ್ಲೂ ಉಚ್ಚಾರಣೆಯ ಅನುಕೂಲಕ್ಕಾಗಿ ಮೂರು ಸಣ್ಣ ಹೊಂದಾಣಿಕೆಗಳಿವೆ. ಇವು ಅಪವಾದಗಳಲ್ಲ, ನಾಲಿಗೆ ತಾನಾಗಿ ಕೇಳುವ ಬದಲಾವಣೆಗಳು.

ಮೊದಲನೆಯದು: ಧಾತುವಿನ ಕೊನೆಯಲ್ಲಿ 'ಟ್' ಅಥವಾ 'ಡ್' ಇದ್ದರೆ. ಅರ್ಬೈಟೆನ್ ಎಂದರೆ ಕೆಲಸ ಮಾಡುವುದು, ಧಾತು ಅರ್ಬೈಟ್. ಇದಕ್ಕೆ ಇನ್ನೊಂದು 'ಟ್' ಸೇರಿಸಿದರೆ ಹೇಳುವುದು ಹೇಗೆ? ನಡುವೆ ಒಂದು 'ಎ' ಬರುತ್ತದೆ: ಇಶ್ ಅರ್ಬೈಟೆ, ಡೂ ಅರ್ಬೈಟೆಸ್ಟ್, ಏರ್ ಅರ್ಬೈಟೆಟ್, ವೀರ್ ಅರ್ಬೈಟೆನ್, ಈರ್ ಅರ್ಬೈಟೆಟ್, ಝೀ ಅರ್ಬೈಟೆನ್. ವರ್ಟೆನ್ (ಕಾಯುವುದು), ರೇಡೆನ್ (ಮಾತನಾಡುವುದು), ಫಿಂಡೆನ್ (ಹುಡುಕಿ ಪಡೆಯುವುದು) ಇವೂ ಹೀಗೆಯೇ. ಉಸಿರಾಡುವುದು ಎಂಬರ್ಥದ ಆಟ್ಮೆನ್ ಕೂಡ ಇದೇ ಗುಂಪಿನದು. ಧಾತುವಿನ ಕೊನೆಯ 'ಟ್ಮ್' ಎಂಬ ಒತ್ತಿಗೆ 'ಸ್ಟ್' ಸೇರಿಸಿದರೆ ನಾಲಿಗೆ ಹೊರಳದು. ಹಾಗಾಗಿ ಡೂ ಆಟ್ಮೆಸ್ಟ್, ಏರ್ ಆಟ್ಮೆಟ್.

ಎರಡನೆಯದು: ಧಾತುವಿನ ಕೊನೆಯಲ್ಲಿ 'ಸ್', 'ಟ್ಸ್' ಇಂಥ ಧ್ವನಿ ಇದ್ದರೆ 'ಡೂ' ರೂಪಕ್ಕೆ ಇನ್ನೊಂದು 'ಸ್' ಬೇಡ, 'ಟ್' ಮಾತ್ರ ಸಾಕು. ಹೈಸೆನ್ ಎಂದರೆ ಹೆಸರು ಹೊಂದಿರುವುದು. ಇಶ್ ಹೈಸೆ, ಡೂ ಹೈಸ್ಟ್, ಏರ್ ಹೈಸ್ಟ್. ಝಿಟ್ಸೆನ್ (ಕುಳಿತಿರುವುದು): ಡೂ ಝಿಟ್ಸ್ಟ್. ರೈಝೆನ್ (ಪ್ರಯಾಣಿಸುವುದು): ಡೂ ರೈಸ್ಟ್. ಇಂಥ ಕ್ರಿಯಾಪದಗಳಲ್ಲಿ ನೀನು, ಅವನು, ಅವಳು ರೂಪಗಳು ಒಂದೇ ಆಗುತ್ತವೆ.

ಮೂರನೆಯದು: ಕೆಲವು ಕ್ರಿಯಾಪದಗಳ ಕೊನೆಯಲ್ಲಿ 'ಎನ್' ಬದಲು 'ಎಲ್ನ್', 'ಎರ್ನ್' ಇರುತ್ತದೆ. ಲೆಶೆಲ್ನ್ ಎಂದರೆ ಮುಗುಳ್ನಗುವುದು. ಇದರ 'ನಾನು' ರೂಪದಲ್ಲಿ ನಡುವಿನ 'ಎ' ಜಾರಿ ಇಶ್ ಲೆಶ್ಲೆ ಆಗುತ್ತದೆ. 'ನಾವು' ರೂಪ ನಿಘಂಟಿನ ರೂಪದಂತೆಯೇ, ವೀರ್ ಲೆಶೆಲ್ನ್. ಎ1 ಮಟ್ಟದಲ್ಲಿ ಇಷ್ಟು ಗೊತ್ತಿದ್ದರೆ ಸಾಕು.

ನಿಯಮ ಮೀರುವವು

ಎಲ್ಲ ಕ್ರಿಯಾಪದಗಳೂ ನಿಯಮಿತವಲ್ಲ. 'ಇರು' ಎಂಬರ್ಥದ ಝೈನ್ ಪೂರ್ತಿ ಬೇರೆ: ಇಶ್ ಬಿನ್, ಡೂ ಬಿಸ್ಟ್, ಏರ್ ಇಸ್ಟ್, ವೀರ್ ಝಿಂಟ್, ಈರ್ ಝೈಟ್, ಝೀ ಝಿಂಟ್. ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದೇ ದಾರಿ. ಇನ್ನು ಕೆಲವದರಲ್ಲಿ ಬಾಲ ಅದೇ ಇದ್ದು, 'ನೀನು' ಮತ್ತು 'ಅವನು/ಅವಳು/ಅದು' ರೂಪಗಳಲ್ಲಿ ಒಳಗಿನ ಸ್ವರ ಮಾತ್ರ ಬದಲಾಗುತ್ತದೆ. ಹೆಲ್ಫೆನ್ (ಸಹಾಯ ಮಾಡುವುದು): ಇಶ್ ಹೆಲ್ಫೆ, ಡೂ ಹಿಲ್ಫ್ಸ್ಟ್, ಏರ್ ಹಿಲ್ಫ್ಟ್, ವೀರ್ ಹೆಲ್ಫೆನ್. ಶ್ಲಾಫೆನ್ (ಮಲಗುವುದು): ಇಶ್ ಶ್ಲಾಫೆ, ಏರ್ ಶ್ಲೇಫ್ಟ್. ಬರು ಎಂಬುದು ಬಂದನು, ಕೊಡು ಎಂಬುದು ಕೊಟ್ಟನು ಆಗುವಾಗ ಕನ್ನಡದ ಧಾತುವೂ ರೂಪ ಬದಲಿಸುತ್ತದೆ. ಅದನ್ನು ನಾವು ನಿಯಮ ಓದಿ ಕಲಿಯಲಿಲ್ಲ. ಕೇಳಿ ಕೇಳಿ ಕಲಿತೆವು. ಇವನ್ನೂ ಹಾಗೆಯೇ ಕಲಿಯಬೇಕು. ಮೊದಲು ನಿಯಮಿತವಾದವು ಗಟ್ಟಿಯಾಗಲಿ; ಆಗ ಮೀರಿದವು ಎದ್ದು ಕಾಣುತ್ತವೆ.

ಆಸ್ಪತ್ರೆಯಲ್ಲಿ ಒಂದು ದಿನಕ್ಕೆ

ಈ ಪಾಠ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ನರ್ಸಿಂಗ್ ವಿದ್ಯಾರ್ಥಿಗಳ ಉದಾಹರಣೆ ಕೊಡುತ್ತೇವೆ. ರೋಗಿಯ ಹೆಸರು ಕೇಳಬೇಕು: ವೀ ಹೈಸೆನ್ ಝೀ? ಎಲ್ಲಿ ವಾಸ ಎಂದು ಕೇಳಬೇಕು: ವೋ ವೋನೆನ್ ಝೀ? ಸಹಾಯ ಬೇಕೇ: ಬ್ರೌಖೆನ್ ಝೀ ಹಿಲ್ಫೆ? ದಯವಿಟ್ಟು ಉಸಿರಾಡಿ: ಆಟ್ಮೆನ್ ಝೀ ಬಿಟೆ. ನೀರು ತರುತ್ತೇನೆ: ಇಶ್ ಬ್ರಿಂಗೆ ವಸರ್. ಸಹೋದ್ಯೋಗಿಗೆ ವಿಷಯ ತಿಳಿಸಬೇಕು, ರೋಗಿ ಏನೂ ಕುಡಿಯುತ್ತಿಲ್ಲ: ಏರ್ ಟ್ರಿಂಕ್ಟ್ ನಿಶ್ಟ್ಸ್. ಇವೆಲ್ಲ ಮೇಲೆ ಹೇಳಿದ ನಾಲ್ಕು ಬಾಲಗಳ ಮೇಲೆ ನಿಂತ ವಾಕ್ಯಗಳು. ಆರೈಕೆ ಮಾಡುವುದಕ್ಕೆ ಜರ್ಮನ್‌ನಲ್ಲಿ ಪ್ಫ್ಲೇಗೆನ್ ಎನ್ನುತ್ತಾರೆ. ಅಲ್ಲಿ ನರ್ಸಿಂಗ್ ವೃತ್ತಿಯ ಹೆಸರು ಹುಟ್ಟಿದ್ದೂ ಇದೇ ಶಬ್ದದಿಂದ. ಅದೂ ನಿಯಮಿತ ಕ್ರಿಯಾಪದವೇ.

'ಕುಡಿಯುತ್ತಾನೆ' ಎನ್ನುವ ಬದಲು 'ಕುಡಿಯುತ್ತೇನೆ' ಎಂದು ಹೇಳಿದರೆ ಅಂಗಡಿಯಲ್ಲಿ ನಗು ಬರಬಹುದು. ವಾರ್ಡಿನಲ್ಲಿ ಅದರಿಂದ ಯಾರ ಬಗ್ಗೆ ಮಾತು ಎಂಬುದೇ ತಪ್ಪಿಹೋಗುತ್ತದೆ. ಬಿ2 ಮಟ್ಟ ಕೇಳುವುದರ ಹಿಂದಿನ ಕಾರಣವೂ ಇದೇ. ರೋಗಿಯ ಮಾತು ನರ್ಸಿಗೆ, ನರ್ಸಿನ ಮಾತು ವೈದ್ಯರಿಗೆ ಸರಿಯಾಗಿ ತಲುಪಬೇಕು.

ವಾಕ್ಯದಲ್ಲಿ ಕ್ರಿಯಾಪದದ ಜಾಗ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಜರ್ಮನ್‌ನ ಸಾಮಾನ್ಯ ಹೇಳಿಕೆಯಲ್ಲಿ ಅದು ಎರಡನೆಯ ಜಾಗದಲ್ಲಿ ನಿಲ್ಲುತ್ತದೆ. ಇಶ್ ಲೆರ್ನೆ ಹೊಯ್ಟೆ ಡೊಯ್ಚ್: ನಾನು ಇವತ್ತು ಜರ್ಮನ್ ಕಲಿಯುತ್ತೇನೆ. 'ಇವತ್ತು' ಎಂಬುದನ್ನು ಮುಂದೆ ತಂದರೂ ಕ್ರಿಯಾಪದ ತನ್ನ ಜಾಗ ಬಿಡುವುದಿಲ್ಲ, 'ನಾನು' ಹಿಂದೆ ಸರಿಯುತ್ತದೆ: ಹೊಯ್ಟೆ ಲೆರ್ನೆ ಇಶ್ ಡೊಯ್ಚ್. ಹೌದು–ಇಲ್ಲ ಎಂಬ ಉತ್ತರದ ಪ್ರಶ್ನೆಯಲ್ಲಿ ಕ್ರಿಯಾಪದ ಮೊದಲಿಗೆ ಬರುತ್ತದೆ: ಲೆರ್ನ್ಸ್ಟ್ ಡೂ ಡೊಯ್ಚ್? ಇಂಗ್ಲಿಷಿನ 'ಡೂ', 'ಡಸ್' ಎಂಬ ಸಹಾಯಕ ಪದ ಇಲ್ಲಿಲ್ಲ.

ಇಲ್ಲ ಎನ್ನುವಾಗಲೂ ಒಂದು ವ್ಯತ್ಯಾಸ ಗಮನಿಸಿ. ಕನ್ನಡದಲ್ಲಿ ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ – ಎಲ್ಲರಿಗೂ ಒಂದೇ ರೂಪ. ಜರ್ಮನ್‌ನಲ್ಲಿ ಬಾಲ ಉಳಿಯುತ್ತದೆ, ಪಕ್ಕದಲ್ಲಿ 'ನಿಶ್ಟ್' ಸೇರುತ್ತದೆ: ಇಶ್ ಕೊಮೆ ನಿಶ್ಟ್, ಏರ್ ಕೊಮ್ಟ್ ನಿಶ್ಟ್.

ನಮ್ಮ ಮಕ್ಕಳು ಎಡವುವ ನಾಲ್ಕು ಕಡೆ

ಒಂದು, ಸರ್ವನಾಮ ಬಿಡುವುದು. ನಾವು 'ನಾಳೆ ಬರುತ್ತೇನೆ' ಎಂದರೆ ಸಾಕು, 'ನಾನು' ಬೇಕಿಲ್ಲ, ಬಾಲವೇ ಹೇಳುತ್ತದೆ. ಜರ್ಮನ್‌ನಲ್ಲಿ ಬಾಲಗಳು ಕಡಿಮೆ, ಒಂದೇ ಬಾಲ ಹಲವರಿಗೆ. ಹಾಗಾಗಿ ಸರ್ವನಾಮ ಬಿಡುವಂತಿಲ್ಲ: ಇಶ್ ಕೊಮೆ ಮೊರ್ಗೆನ್.

ಎರಡು, ಗೌರವದ ಬಹುವಚನ. 'ಅಬ್ಬಾ ಬರುತ್ತಾರೆ' ಎಂದು ಹೇಳಿ ಬೆಳೆದ ಮಗು ಜರ್ಮನ್‌ನಲ್ಲೂ ಅಪ್ಪನಿಗೆ 'ಕೊಮೆನ್' ಎಂದು ಬಹುವಚನ ಹಚ್ಚುತ್ತದೆ. ಅಲ್ಲಿ ಗೌರವದ ರೂಪ ಎದುರಿಗಿರುವವರಿಗೆ ಮಾತ್ರ. ದೂರದಲ್ಲಿರುವ ಅಪ್ಪನಾಗಲಿ, ಗುರುಗಳಾಗಲಿ ಒಬ್ಬರಾದರೆ ಏಕವಚನವೇ: ಮೈನ್ ಫಾಟರ್ ಕೊಮ್ಟ್. ಇದು ಅಗೌರವವಲ್ಲ ಎಂದು ಮಗುವಿಗೆ ತಿಳಿಸಿ.

ಮೂರು, ಇಂಗ್ಲಿಷಿನ ನೆರಳು. ಇಂಗ್ಲಿಷ್ ಮಾಧ್ಯಮದ ಮಕ್ಕಳು 'ಕಲಿಯುತ್ತಿದ್ದೇನೆ' ಎನ್ನಲು 'ಇಶ್ ಬಿನ್ ಲೆರ್ನೆ' ಎಂದು ಎರಡು ಕ್ರಿಯಾಪದ ಜೋಡಿಸುತ್ತಾರೆ. ಬೇಕಿಲ್ಲ. ಇಶ್ ಲೆರ್ನೆ ಎಂಬ ಒಂದೇ ರೂಪ ಕಲಿಯುತ್ತೇನೆ, ಕಲಿಯುತ್ತಿದ್ದೇನೆ ಎರಡಕ್ಕೂ ಸಾಕು. 'ನಾಳೆ' ಎಂಬ ಪದ ಜೊತೆಗಿದ್ದರೆ ಮುಂದಿನದಕ್ಕೂ ಅದೇ ರೂಪ ಆಗುತ್ತದೆ. ಕನ್ನಡದ 'ನಾಳೆ ಬರುತ್ತೇನೆ' ಹಾಗೆಯೇ.

ನಾಲ್ಕು, ಅರ್ಥದ ವ್ಯತ್ಯಾಸ. ಶ್ಟುಡೀರೆನ್ ಎಂಬ ಪದ ಕೇಳಿದ ಕೂಡಲೇ ಎಲ್ಲ ಓದಿಗೂ ಅದನ್ನೇ ಬಳಸುತ್ತಾರೆ. ಅದು ವಿಶ್ವವಿದ್ಯಾಲಯದ ಮಟ್ಟದ ವ್ಯಾಸಂಗಕ್ಕೆ ಮಾತ್ರ. ಶಾಲೆಯ ಓದಿಗೆ, ಭಾಷೆ ಕಲಿಯುವುದಕ್ಕೆ ಲೆರ್ನೆನ್.

ಪರೀಕ್ಷೆಯಲ್ಲಿ

ಜರ್ಮನ್ ಭಾಷೆ ಕಲಿಸುವ ಗೋಯೆಥೆ ಇನ್‌ಸ್ಟಿಟ್ಯೂಟ್ ಭಾರತದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿನಲ್ಲಿ ಪರಿಚಿತ, ಬೆಂಗಳೂರಿನಲ್ಲೂ ಇದೆ. ಅದರ ಎ1 ಪರೀಕ್ಷೆಯಲ್ಲಿ ಕೇಳಿಸಿಕೊಳ್ಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. 100ಕ್ಕೆ 60 ಅಂಕ ಬಂದರೆ ತೇರ್ಗಡೆ. ಮಾತನಾಡುವ ಭಾಗದ ಆರಂಭದಲ್ಲಿ ಅಭ್ಯರ್ಥಿ ತನ್ನನ್ನು ಪರಿಚಯಿಸಿಕೊಳ್ಳಬೇಕು: ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಉದ್ಯೋಗ, ಹವ್ಯಾಸ. ಗಮನಿಸಿ: ಇಶ್ ಹೈಸೆ… (ನನ್ನ ಹೆಸರು…), ಇಶ್ ಕೊಮೆ ಔಸ್ ಇಂಡಿಯೆನ್ (ನಾನು ಭಾರತದವಳು), ಇಶ್ ವೋನೆ ಇನ್ ಮಂಗಳೂರು, ಇಶ್ ಶ್ಪ್ರೆಶೆ ಕನ್ನಡ ಉಂಟ್ ಉರ್ದು (ಕನ್ನಡ, ಉರ್ದು ಮಾತನಾಡುತ್ತೇನೆ), ಇಶ್ ಕೊಖೆ ಗೆರ್ನ್ (ಅಡುಗೆ ಮಾಡುವುದೆಂದರೆ ಇಷ್ಟ). ಎಲ್ಲದರಲ್ಲೂ 'ನಾನು' ರೂಪದ 'ಎ' ಬಾಲ. ವಯಸ್ಸು ಹೇಳುವಾಗ ಮಾತ್ರ 'ಇಶ್ ಬಿನ್' ಬೇಕು. ಒಂದು ಬಾಲ ಸರಿಯಾಗಿ ಬಂದರೆ ಪರೀಕ್ಷಕರ ಮುಂದೆ ಮೊದಲ ನಿಮಿಷ ಧೈರ್ಯವಾಗಿ ಕಳೆಯುತ್ತದೆ. ಉಳಿದದ್ದಕ್ಕೆ ಆ ಧೈರ್ಯವೇ ಬಂಡವಾಳ.

ಮುಂದಿನ ಮೆಟ್ಟಿಲು ಭೂತಕಾಲ. ನಿಯಮಿತ ಕ್ರಿಯಾಪದಗಳಿಗೆ ಅದೂ ಸುಲಭ: ಧಾತುವಿನ ಮುಂದೆ 'ಗೆ', ಹಿಂದೆ 'ಟ್'. ಲೆರ್ನ್ ಎಂಬುದು ಗೆಲೆರ್ನ್ಟ್, ಫ್ರಾಗ್ ಎಂಬುದು ಗೆಫ್ರಾಗ್ಟ್. ಇಶ್ ಹಾಬೆ ಗೆಲೆರ್ನ್ಟ್ ಎಂದರೆ ನಾನು ಕಲಿತೆ. ಕೊಮೆನ್, ಟ್ರಿಂಕೆನ್, ಬ್ರಿಂಗೆನ್, ಝಿಟ್ಸೆನ್, ಫಿಂಡೆನ್ ಮುಂತಾದವು ವರ್ತಮಾನದಲ್ಲಿ ನಿಯಮ ಪಾಲಿಸಿದರೂ ಭೂತಕಾಲದಲ್ಲಿ ಬೇರೆ ದಾರಿ ಹಿಡಿಯುತ್ತವೆ. ಅದನ್ನು ಆ ಹಂತಕ್ಕೆ ಬಂದಾಗ ನೋಡಿಕೊಂಡರಾಯಿತು.

ಮನೆಯಲ್ಲಿ ಪಾಲಕರು ಮಾಡಬಹುದಾದ್ದು

ಪಾಲಕರಿಗೆ ಜರ್ಮನ್ ಬರಬೇಕಿಲ್ಲ. ದಿನಕ್ಕೆ ಹದಿನೈದು ನಿಮಿಷ ಇದ್ದರೆ ಸಾಕು. ಮಗು ಒಂದು ಕ್ರಿಯಾಪದ ಆರಿಸಲಿ. ನೀವು ಕನ್ನಡದಲ್ಲಿ 'ನಾವು' ಎನ್ನಿ, ಮಗು ಜರ್ಮನ್‌ನಲ್ಲಿ ಆ ರೂಪ ಹೇಳಲಿ. 'ನೀನು' ಎನ್ನಿ, 'ಅವಳು' ಎನ್ನಿ. ಸಾಲಿನ ಕ್ರಮದಲ್ಲಿ ಕೇಳಬೇಡಿ, ಹಿಂದೆ ಮುಂದೆ ಮಾಡಿ ಕೇಳಿ. ಸಾಲಾಗಿ ಒಪ್ಪಿಸುವ ಮಗು ಮಾತಿನ ಮಧ್ಯೆ ನಿಂತುಬಿಡುತ್ತದೆ. ಹಿಂದೆ ಮುಂದೆ ಅಭ್ಯಾಸ ಮಾಡಿದ ಮಗು ನಿಲ್ಲುವುದಿಲ್ಲ. ಈ ಪುಟದ ಪಟ್ಟಿ ಕೈಯಲ್ಲಿದ್ದರೆ ಉತ್ತರ ಸರಿಯೋ ತಪ್ಪೋ ನಿಮಗೇ ತಿಳಿಯುತ್ತದೆ.

ಅಭ್ಯಾಸಕ್ಕೆ ಹತ್ತು ಕ್ರಿಯಾಪದ: ಲೆರ್ನೆನ್ (ಕಲಿ), ವೋನೆನ್ (ವಾಸಿಸು), ಕೊಮೆನ್ (ಬಾ), ಮಖೆನ್ (ಮಾಡು), ಫ್ರಾಗೆನ್ (ಪ್ರಶ್ನೆ ಕೇಳು), ಝಾಗೆನ್ (ಹೇಳು), ಕೌಫೆನ್ (ಕೊಂಡುಕೋ), ಕೊಖೆನ್ (ಅಡುಗೆ ಮಾಡು), ಬ್ರೌಖೆನ್ (ಬೇಕಾಗು), ಅರ್ಬೈಟೆನ್ (ಕೆಲಸ ಮಾಡು). ದಿನಕ್ಕೊಂದರಂತೆ ಹತ್ತು ದಿನ. ಹನ್ನೊಂದನೆಯ ದಿನ ಎಲ್ಲವನ್ನೂ ಕಲಸಿ ಕೇಳಿ.

ದೂರ ಎನಿಸಿದರೆ ಒಂದು ಮಾತು ನೆನಪಿಡಿ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಕನ್ನಡದ ಈ ಬಾಲಗಳನ್ನೆಲ್ಲ ಒಂದೊಂದಾಗಿ ಕಲಿತವರು. ಹಳಗನ್ನಡದ ವ್ಯಾಕರಣ ಗ್ರಂಥವಾದ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು, 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಅವರು ನಮ್ಮ ಒಂಬತ್ತು ಬಾಲಗಳನ್ನು ಕಲಿಯಬಲ್ಲವರಾದರೆ, ನಮ್ಮ ಮಕ್ಕಳು ಅವರ ನಾಲ್ಕನ್ನು ಕಲಿಯಬಲ್ಲರು.

ಅರ್ಜಿದಾರರ ಗಮನಕ್ಕೆ

ಜರ್ಮನ್ ಭಾಷಾ ನೆರವಿಗೆ ಅರ್ಜಿ ಸಲ್ಲಿಸುವವರು ಈ ಅಂಶಗಳನ್ನು ಗಮನಿಸಬೇಕು.

ನೆರವು ಕಂತುಗಳಲ್ಲಿ ನೀಡಲಾಗುವುದು. ಮೊದಲ ಕಂತು ತರಗತಿಯ ಶುಲ್ಕ ಮತ್ತು ಪುಸ್ತಕಕ್ಕೆ. ಹಣ ಭಾಷಾ ಕೇಂದ್ರಕ್ಕೇ ಸಂದಾಯವಾಗುತ್ತದೆ.

ಎರಡನೆಯ ಕಂತಿಗೆ ಮೊದಲು ವಿದ್ಯಾರ್ಥಿ ತನ್ನ ಅಭ್ಯಾಸ ಪುಸ್ತಕ ಮತ್ತು ಹಾಜರಾತಿ ಪತ್ರದೊಂದಿಗೆ ಕಚೇರಿಗೆ ಬರಬೇಕು. ಮೇಲಿನ ಹತ್ತು ಕ್ರಿಯಾಪದಗಳನ್ನು ಆರೂ ಜಾಗಗಳಲ್ಲಿ ಬರೆದಿರಬೇಕು. ಅವುಗಳಲ್ಲಿ ಕೆಲವನ್ನು ಬಾಯಲ್ಲಿ ಕೇಳಲಾಗುವುದು. ಇದು ಅಂಕದ ಪರೀಕ್ಷೆಯಲ್ಲ. ತಪ್ಪಿದ್ದಕ್ಕೆ ಯಾರ ನೆರವೂ ನಿಲ್ಲುವುದಿಲ್ಲ. ಅಭ್ಯಾಸವೇ ನಡೆದಿಲ್ಲವಾದರೆ ಮಾತ್ರ ಪಾಲಕರೊಂದಿಗೆ ಕುಳಿತು ಮಾತನಾಡುತ್ತೇವೆ.

ಪರೀಕ್ಷಾ ಶುಲ್ಕವನ್ನು ಶಿಕ್ಷಕರ ಶಿಫಾರಸಿನ ಮೇಲೆ ಪ್ರತ್ಯೇಕವಾಗಿ ಪರಿಗಣಿಸಲಾಗುವುದು. ಮನೆಗೆಲಸ, ತಮ್ಮ ತಂಗಿಯರ ಜವಾಬ್ದಾರಿ ಅಥವಾ ಬಸ್ಸಿನ ತೊಂದರೆಯಿಂದ ತರಗತಿ ತಪ್ಪುತ್ತಿದ್ದರೆ ನಮಗೆ ಮೊದಲೇ ತಿಳಿಸಿ. ಕಾರಣ ಗೊತ್ತಾದರೆ ದಾರಿ ಹುಡುಕಬಹುದು.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಭಾಷಾ ಕೇಂದ್ರದ ಶುಲ್ಕದ ವಿವರ ಮತ್ತು ಪಾಲಕರ ಸಹಿ ಇರಲಿ. ಏಜೆಂಟರ ಮೂಲಕ ಬಂದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ವಿದೇಶದ ಕೆಲಸದ ಹೆಸರಿನಲ್ಲಿ ಯಾರಾದರೂ ಮುಂಗಡ ಕೇಳಿದ್ದರೆ, ಕೊಡುವ ಮೊದಲು ಕಚೇರಿಗೆ ಬಂದು ಕಾಗದಪತ್ರ ತೋರಿಸಿ.

ದಾನಿಗಳಲ್ಲಿ ನಮ್ಮ ವಿನಂತಿ: ನಿಮ್ಮ ಮೊತ್ತ ಒಂದು ಮಗುವಿನ ಬಾಯಲ್ಲಿ ಒಂದು ಭಾಷೆಯಾಗಿ ಉಳಿಯುತ್ತದೆ. ಫೀಸಿನ ರಸೀದಿಯ ಹಾಗೆ ಅದನ್ನು ತೋರಿಸಲಾಗದು, ಆದರೆ ಕೇಳಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಅಭ್ಯಾಸ ಒಪ್ಪಿಸಲು ಕಚೇರಿಗೆ ಬರುವ ದಿನ ನೀವೂ ಬನ್ನಿ, 'ನಾವು' ಎಂದು ಕೇಳಿ ನೋಡಿ.